ಹಗಲ ಮಿಂಚುಹುಳ

ಮೀನಿನ ವಾಸನೆಯೇ ಇಲ್ಲದ ಗಾಳಿ, ಇದು ಹೊನ್ನಾವರದ ಗಾಳಿಯೇ ಅಲ್ಲ ಎಂದುಕೊಂಡಳು ವಿನುತಾ, ಬಂದರಿನ ತಿರುವಿನಲ್ಲಿ ಮಾಸ್ಕನ್ನು ಗಲ್ಲಕ್ಕೆ ಜಾರಿಸಿ, ಯಾರಾದರೂ ನೋಡಿಯಾರೆಂದು ಮತ್ತೆ ಮೇಲೆಳೆದುಕೊಂಡು — ಬೋಟುಗಳು ಒಂದಕ್ಕೊಂದು ಒರಗಿ ನಿಂತಿವೆ, ಹಗ್ಗದ ಮೇಲೆ ಕೊಕ್ಕರೆ, ಕೊಕ್ಕರೆಗೆ ಲಾಕ್‌ಡೌನ್ ಇಲ್ಲ, ಇವತ್ತಿಗೆ ಇಷ್ಟು ಸಾಕು, ಮೂರು ಸಾಲಿನ ಕವಿತೆ ಮಾಡಿ ಕಳಿಸಿದರೆ ಚಂದನಾ ನಗುತ್ತಾಳೆ. ಆದರೆ ಚಂದನಾ ನಿನ್ನೆ ಸಂಜೆ ಕಳಿಸಿದ್ದನ್ನೇ ಇನ್ನೂ ನೋಡಿಲ್ಲ, ಫೋನಿನಲ್ಲಿ ಒಂದೇ ಟಿಕ್, ಚಾರ್ಜ್ ಇಲ್ಲವೇನೋ, ಭಟ್ಕಳದ ಮುಟ್ಟಳ್ಳಿಯಲ್ಲಿ ಕರೆಂಟ್ ಹೋಗಿರಬಹುದು, ಹೋಗಿರಲಿ. ಹಾಲು-ತರಕಾರಿಗೆ ಬಿಡುವ ಹೊತ್ತಿನಲ್ಲೇ ವಿನುತಾಳ ನಡಿಗೆ, ಪೊಲೀಸರಿಗೆ ತೋರಿಸಲು ಕೈಯಲ್ಲೊಂದು ಖಾಲಿ ಚೀಲ, ನಡೆಯುತ್ತ ಹುಟ್ಟಿದ ಸಾಲುಗಳು ಭಟ್ಕಳದ ಕಡೆಗೆ, ತಂಗಿಯ ಕಡೆಗೆ. ಮೊದಲ ದಿನಗಳಲ್ಲಿ ಬರೆದದ್ದು — ರಸ್ತೆಗೆ ರಜೆ, ಹಾವೊಂದು ಡಾಂಬರು ದಾಟಿತು, ಹಾರ್ನಿಗೆ ಹೆದರದೆ — ಅದಕ್ಕೆ ಚಂದನಾ, ಹಾವು ಮಾಸ್ಕ್ ಹಾಕಿತ್ತೇ ಅಕ್ಕಾ, ಎಂದು ಕೇಳಿದ್ದಳು, ಆಮೇಲೆ ತಾನೂ ಬರೆಯತೊಡಗಿದ್ದಳು, ಹೊಟ್ಟೆಯೊಳಗಿನವರಿಗೆ ಪಾಸ್ ಬೇಡ, ಎಷ್ಟು ಹೊತ್ತಿಗೂ ಓಡಾಡುತ್ತಾರೆ.

ಏಳು ತಿಂಗಳು ತುಂಬುತ್ತಲೇ ಚಂದನಾಳನ್ನು ಕರೆತರಬೇಕಿತ್ತು, ಅಮ್ಮ ಇದ್ದಿದ್ದರೆ ಅಮ್ಮ ಕರೆತರುತ್ತಿದ್ದಳು, ಅಮ್ಮ ಇಲ್ಲದ ಮೇಲೆ ತನ್ನ ಬಾಡಿಗೆ ಮನೆಯೇ ಅವಳಿಗೆ ತವರು, ಬಾಳಂತನಕ್ಕೆಂದು ಹಳೆ ಸೀರೆಗಳನ್ನೆಲ್ಲ ಒಗೆದು ಮಡಚಿಟ್ಟಾಗಿದೆ, ಅಷ್ಟರಲ್ಲಿ ಭಟ್ಕಳಕ್ಕೆ ಸೀಲ್‌ಡೌನ್, ಅವಳ ಗಂಡ ಕಿರಣ ಗೋವಾದ ಹೋಟೆಲಿನಲ್ಲಿ ಸಿಕ್ಕಿಬಿದ್ದ, ಮನೆಯಲ್ಲಿ ಅತ್ತೆ ನಾಗು ಒಬ್ಬರೇ. ನೀ ಎಂತಕ್ಕೆ ಹೆದರ್ತೆ ಅಕ್ಕಾ, ಇನ್ನೂ ದಿನ ಅದೆ, ಎನ್ನುತ್ತಿದ್ದಳು ಚಂದನಾ. ನಿನ್ನೆ ಸಂಜೆ ಅವಳೇ ಮೊದಲು ಬರೆದಿದ್ದಳು, ಚಪ್ಪಲಿ ಸಣ್ಣದಾಗಿದೆ, ಹಗಲಲ್ಲೇ ಕಣ್ಣ ಮುಂದೆ ಮಿಂಚುಹುಳ, ಹಿಡಿಯಹೋದರೆ ಗೋಡೆ — ಎಷ್ಟು ಚಂದ, ನನಗಿಂತ ಚಂದ ಬರೆಯುತ್ತಾಳೆ ಹುಡುಗಿ ಎಂದು ವಿನುತಾ ಹೂವಿನ ಚಿತ್ರಗಳನ್ನು ಸಾಲಾಗಿ ಕಳಿಸಿ, ಕೊನೆಯ ಸಾಲು ಭಾರಿ ಲಾಯ್ಕಾತು, ಎಂದಿದ್ದಳು, ಅದಕ್ಕೇ ಆ ಒಂದು ಟಿಕ್, ಆಗಿನಿಂದ ಒಂದೇ — ಈಗ ಫೋನು ಕೈಯಲ್ಲೇ ನಡುಗುತ್ತಿದೆ, ನಾಗು ಅತ್ತೆ, ನಾಗು ಅತ್ತೆ ಯಾವತ್ತೂ ಫೋನು ಮಾಡುವವರಲ್ಲ.

ವಿನುತಾ, ಬೆಳಗಾಗೂಕೆ ಮುಂಚೆ ತಲೆ ಒಡೀತದೆ ಅಂದ್ಳು, ಆಮೇಲೆ ಕಣ್ಣು ಕಾಣೂದಿಲ್ಲ ಅಂದ್ಳು, ಕಾಲು ನೋಡಿದ್ರೆ ಕಂಬದ ಹಾಂಗೆ ಬಾತದೆ, ಬಿಪಿ ಏರದೆ ಅಂದ್ರು ಡಾಕ್ಟ್ರು, ಕುಮಟೆಗೇ ಕರ್ಕಂಡು ಹೋಗಿ, ಮಗೂನ ಕೊಯ್ದೇ ತೆಗೀಬೇಕು ಅಂದ್ರು, ಆಂಬುಲೆನ್ಸಲ್ಲಿ ಇದ್ದೇವೆ, ಚೆಕ್‌ಪೋಸ್ಟ್ ಗೇಟಲ್ಲಿ ನಿಲ್ಲಿಸಿದ್ರು, ಈಗ ಬಿಟ್ರು. ಅವಳಿಗೆ ಫೋನ್ ಕೊಡಿ ಅತ್ತೇ. ಮಾತಾಡೂಕಾಗೂದಿಲ್ಲ ಮಾರಾಯ್ತಿ, ಒಂದ್ಸಲ ನಿನ್ನ ಹೆಸರು ಹೇಳಿದ್ಳು. ಚಪ್ಪಲಿ ಸಣ್ಣದಾಗಿದ್ದಲ್ಲ, ಕಾಲು ಬಾತದ್ದು, ಮಿಂಚುಹುಳ ಕಣ್ಣೊಳಗಿನದು, ಅವಳು ಕವಿತೆ ಬರೆದದ್ದೇ ಅಲ್ಲ, ತನಗೆ ಏನಾಗುತ್ತಿದೆ ಎಂದು ಹೇಳಿದ್ದು, ಅಕ್ಕನಿಗೆ ಹೇಳುವ ದಾರಿ ಅದೊಂದೇ ಆಗಿಬಿಟ್ಟಿತ್ತು, ಅಕ್ಕ ಹೂವು ಕಳಿಸಿದಳು, ಲಾಯ್ಕಾತು ಎಂದಳು — ವಿನುತಾ ಓಡುತ್ತಿದ್ದಾಳೆ, ಚೀಲ ಎಲ್ಲಿ ಬಿತ್ತೋ, ಹೆದ್ದಾರಿಗೆ, ಶರಾವತಿ ಸೇತುವೆಯ ತುದಿಗೆ, ಕುಮಟೆಗೆ ಹೋಗುವವರು ಇದನ್ನು ದಾಟಲೇಬೇಕು.

ಏಯ್, ಎತ್ಲಾಗೆ ಓಡ್ತಿರಿ, ಮಾಸ್ಕ್ ಎಲ್ಲಿ, ಬ್ಯಾರಿಕೇಡಿನ ಹತ್ತಿರದ ಪೊಲೀಸು ಕೋಲೆತ್ತಿದ. ತಂಗಿ ಬರ್ತದೆ ಸರ್, ಆಂಬುಲೆನ್ಸಲ್ಲಿ, ಭಟ್ಕಳದಿಂದ, ಬಸುರಿ. ಅವನ ಕೋಲು ಇಳಿಯಿತು. ಭಟ್ಕಳದ ಗಾಡಿ ಇಲ್ಲಿ ನಿಲ್ಲೂಕಿಲ್ಲ ಅಕ್ಕಾ, ನೀವು ಮುಟ್ಟೂಕೂ ಇಲ್ಲ, ಆ ಕಡೆ ನಿಂತು ನೋಡಿ, ಎಂದು ತಾನೇ ಹೋಗಿ ಬ್ಯಾರಿಕೇಡನ್ನು ಪಕ್ಕಕ್ಕೆ ಎಳೆದಿಟ್ಟ. ನೀರಿನ ಮೇಲೆ ಸೈರನ್ ಮೊದಲು ಬಂತು, ಆಮೇಲೆ ಗಾಡಿ, ಬ್ಯಾರಿಕೇಡಿನ ಸಂದಿಯಲ್ಲಿ ಒಂದು ಗಳಿಗೆ ನಿಧಾನವಾಯಿತು, ಮುಂದೆ ನಾಗು ಅತ್ತೆಯ ಮುಖ, ಹಿಂದಿನ ಮಸುಕು ಗಾಜಿಗೆ ಒಳಗಿನಿಂದ ಒಂದು ಅಂಗೈ, ಐದೂ ಬೆರಳು ಅಗಲಿಸಿ, ಒತ್ತಿದಲ್ಲೆಲ್ಲ ಬೆಳ್ಳಗೆ, ಚಂದನಾ ಎಂದು ಕೂಗಿದಳೇ, ಕೂಗಲಿಲ್ಲವೇ, ಗಾಡಿ ಹೋಯಿತು.

ಮಧ್ಯಾಹ್ನ ಅತ್ತೆಯ ಫೋನು. ಹೆಣ್ಣು ಕಣೇ, ಸಣ್ಣದು, ಗಾಜಿನ ಪೆಟ್ಟಿಗೆಲಿ ಇಟ್ಟಾರೆ, ತಾಯಿಗೂ ಎಚ್ಚರ ಬಂತು, ಕಣ್ಣು ಕಾಣ್ತದಂತೆ, ಅಡ್ಡಿಲ್ಲ ಅಂದ್ರು, ನೀ ಅಳಬೇಡ. ಅಳುತ್ತಿಲ್ಲ ಅತ್ತೇ. ಒಗೆದಿಟ್ಟ ಸೀರೆಗಳ ಪಕ್ಕ ಗೋಡೆಗೊರಗಿ ಕೂತಿದ್ದಾಳೆ, ಏನಾದರೂ ಕಳಿಸಬೇಕು ಅವಳಿಗೆ, ಎದ್ದಾಗ ಮೊದಲು ಓದಲಿಕ್ಕೆ, ಮಗಳ ಬಗ್ಗೆ, ನದಿಯ ಬಗ್ಗೆ, ಕೋಲಿಳಿಸಿದ ಪೊಲೀಸಿನ ಬಗ್ಗೆ, ಬೆರಳು ಅಕ್ಷರ ಒತ್ತುತ್ತದೆ, ಅಳಿಸುತ್ತದೆ, ಆ ಕೈ ತನ್ನನ್ನು ಗುರುತಿಸಿ ಗಾಜಿಗೆ ಬಂದದ್ದೇ, ನೋವಿಗೆ ಆಸರೆ ಹುಡುಕುತ್ತ ಬಂದದ್ದೇ, ಆಗ ಅವಳಿಗೆ ಕಣ್ಣು ಕಾಣುತ್ತಿರಲಿಲ್ಲವಲ್ಲ, ಚಂದನಾ ಎಂದು ಬರೆದಳು, ಮುಂದೆ ಬರಲಿಲ್ಲ, ಅಂಗೈ, ಗಾಜಿನ ಆಚೆ ಬೆಳ್ಳಗಿನ ಅಂಗೈ, ಐದು ಬೆರಳು, ಅಗಲಿಸಿ —