ಬೀರುವಿನೊಳಗಿನ ದನಿ

"ಇರುವೆಗಳು ಮೆರವಣಿಗೆ ಹೊರಟ ಹಾಗಿದೆ," ಎಂದಳು ಮುದುಕಿ, ಗೋಡೆಯ ಮೇಲಿನ ಅಕ್ಷರಗಳ ಕೊನೆಯ ಸಾಲು ನೋಡಿ.

ಕನ್ನಡಕದಂಗಡಿಯಾಕೆ ಗಾಜು ಬದಲಿಸಿದಳು. "ಈಗ?"

"ಈಗ ಇರುವೆಗಳ ಕಾಲು ಕಾಣ್ತಿವೆ."

"ಕನ್ನಡಕ ಓದೋಕಾ, ಹೊಲಿಯೋಕಾ?"

"ಬರೆಯೋಕೆ ಕಣಮ್ಮ. ನಿಮ್ಮ ತಂದೆಯ ಶಿಷ್ಯರು ಕಾಗದ ಹಾಕಿದ್ದಾರೆ. ನನ್ನ ಅನುಭವ ಬರೆದು ಕೊಡಬೇಕಂತೆ."

ಅಂಗಡಿಯಾಕೆಯ ಕೈ ನಿಂತಿತು. ಅವಳ ತಂದೆ ಸತ್ತವರನ್ನು ಮಾತಾಡಿಸುತ್ತೇನೆಂದು ಹೇಳಿಕೊಂಡು ಬಾಳಿದವನು. ಶಿಷ್ಯರ ಬಾಯಲ್ಲಿ ಗುರುಗಳು, ಪತ್ರಿಕೆಗಳ ಬಾಯಲ್ಲಿ ಭೂತದ ಮೇಷ್ಟ್ರು. ಎರಡು ಸಲ ಕೋರ್ಟಿನ ಮೆಟ್ಟಿಲು ಹತ್ತಿ, ಸಾಕ್ಷಿಯಿಲ್ಲವೆಂದು ಎರಡು ಸಲವೂ ನಗುತ್ತಾ ಇಳಿದಿದ್ದ. ಅವನು ಹೋಗಿ ಇಪ್ಪತ್ತು ವರ್ಷವಾದರೂ ಅವನ ಹೆಸರಿನ ಜಗಳ ಇನ್ನೂ ಉಸಿರಾಡುತ್ತಿತ್ತು. ಈಗ ಶಿಷ್ಯರು ಅವನ ನೂರನೇ ವರ್ಷಕ್ಕೆ ದಪ್ಪನೆಯ ಪುಸ್ತಕ ತರಲು ಹೊರಟಿದ್ದರು. ಮಗಳ ಎರಡು ಮಾತು ಬೇಕೆಂದು ಮೂರು ಸಲ ಬಂದುಹೋಗಿದ್ದರು. ಆಕೆ ಹೂಂ ಅಂದಿರಲಿಲ್ಲ, ಉಹೂಂ ಅಂತಲೂ ಅಂದಿರಲಿಲ್ಲ.

"ಏನು ಬರೀತೀರಿ?"

"ನನ್ನ ಮಗಳು ಏಳು ವರ್ಷಕ್ಕೇ ಹೋದಳು. ಆಮೇಲೆ ನಾಲ್ಕು ತಿಂಗಳು, ಪ್ರತಿ ಗುರುವಾರ ನಿಮ್ಮ ತಂದೆ ಅವಳನ್ನ ಕರೆಸ್ತಿದ್ರು. ಕತ್ತಲೆ ಕೋಣೆಯಲ್ಲಿ ಅಮ್ಮಾ ಅಂತ ಕರೆಯೋಳು."

ತಲೆಯಾಡಿಸಿ, ಅಳತೆ ಬರೆದುಕೊಂಡು ಕಳಿಸಿಬಿಡಬಹುದಿತ್ತು. ಗಂಡನ ಮುಂದೆಯೂ ಬಾಯಿಬಿಡದ ಮಾತದು. ಆದರೆ ಈ ಸುಳ್ಳು ಅಚ್ಚಾಗಿ ಉಳಿಯುತ್ತದೆಂದು ನೆನೆದಾಗ ಅವಳು ಕೈಯಲ್ಲಿದ್ದ ಗಾಜು ಕೆಳಗಿಟ್ಟಳು.

"ಅದು ನಾನು," ಎಂದಳು. "ಅಪ್ಪನ ಕುರ್ಚಿ ಹಿಂದೆ ಒಂದು ಬೀರು ಇತ್ತು. ಅದರೊಳಗೆ ನನ್ನನ್ನ ಕೂರಿಸ್ತಿದ್ರು. ನನಗಾಗ ಒಂಬತ್ತು ವರ್ಷ. ಹೇಳಿಕೊಟ್ಟಿದ್ದನ್ನ ಹೇಳ್ತಿದ್ದೆ. ನಿಮ್ಮ ಮಗಳು ಮಾತಾಡಿದ್ದಲ್ಲ."

ಮುದುಕಿ ಅಳಲಿಲ್ಲ, ಸಿಟ್ಟಿಗೇಳಲೂ ಇಲ್ಲ.

"ಗೊತ್ತು," ಎಂದಳು. "ನನ್ನ ಮಗಳಿಗೆ ಹುಟ್ಟಿನಿಂದ ಮಾತೇ ಬರ್ತಿರ್ಲಿಲ್ಲ. ನಿಮ್ಮ ತಂದೆಗೆ ಅದನ್ನ ಹೇಳಿರ್ಲಿಲ್ಲ ಅಷ್ಟೆ."

"ಮತ್ತೆ ಯಾಕೆ ಬರ್ತಿದ್ರಿ?"

"ಮೊದಲನೇ ಸಲ ಎದ್ದು ಹೋಗೋಣ ಅಂದ್ಕೊಂಡೆ. ಅಷ್ಟರಲ್ಲಿ ಒಳಗಿಂದ ಅಮ್ಮಾ ಅಂತ ಕೇಳಿಸ್ತು. ಏಳೋಕಾಗ್ಲಿಲ್ಲ. ಒಂದು ಸಲ ನೀನು ಕೆಮ್ಮಿದೆ. ಅದನ್ನ ಅದುಮಿಟ್ಕೊಳ್ಳೋಕೆ ಒದ್ದಾಡಿದೆ. ಯಾರ ಮಗುವೋ ಏನೋ ಅಂತ ಅವತ್ತು ರಾತ್ರಿಯೆಲ್ಲಾ ನಿದ್ದೆ ಬರ್ಲಿಲ್ಲ. ಕೇಳೋ ಧೈರ್ಯ ಆಗ್ಲಿಲ್ಲ ನಂಗೆ." ಮುಂದಕ್ಕೆ ಬಾಗಿದಳು. "ಆ ಬೀರುವಿನೊಳಗೆ ಗಾಳಿ ಬರ್ತಿತ್ತೇನಮ್ಮ?"

ಐವತ್ತೈದು ವರ್ಷದ ಅಂಗಡಿಯಾಕೆ ಕುರ್ಚಿ ಎಳೆದುಕೊಂಡು ಅದರ ಅಂಚಿನಲ್ಲಿ ಕೂತಳು.

"ಬೀಗದ ತೂತಿನಿಂದ," ಎಂದಳು. "ಸ್ವಲ್ಪ."

ಹೊರಗೆ ಬಸ್ಸೊಂದು ಹಾದುಹೋಯಿತು. ಗಾಜಿನ ಕಪಾಟಿನಲ್ಲಿ ಮಡಚಿಟ್ಟ ಕನ್ನಡಕಗಳೆಲ್ಲ ಸಣ್ಣಗೆ ಅದುರಿ, ಒಂದೊಂದಾಗಿ ಸುಮ್ಮನಾದವು.