ಬಣ್ಣ ಹಚ್ಚಿದವಳು

ಬಣ್ಣದ ವಿಷಯದಲ್ಲಿ ನನ್ನ ಜೊತೆ ವಾದಕ್ಕೆ ಇಳಿಯಬೇಡಿ. ಪೇಂಟ್ ಅಂಗಡಿಯ ಕೌಂಟರಿನ ಹಿಂದೆ ನಿಂತು ಬಣ್ಣ ಬೆರೆಸುವುದೇ ನನ್ನ ಕಸುಬು. ಗೋಡೆಯಿಂದ ಕಿತ್ತುಬಂದ ಚೂರು ತಂದು ‘ಇದೇ ಬೇಕು’ ಎಂದವರಿಗೆ ಅದನ್ನೇ ಕೊಟ್ಟು ಕಳಿಸುತ್ತೇನೆ, ಒಂದು ಡಬ್ಬಿಯೂ ವಾಪಸ್ ಬಂದದ್ದಿಲ್ಲ. ಆದ್ದರಿಂದ ‘ಏಳನೇ ಚಂದ್ರನ ರಾಣಿ’ ಎಂಬ ಹಳೇ ಸಿನಿಮಾಕ್ಕೆ ಮರುಜೀವ ಕೊಡಲು ಹೊರಟ ನಮ್ಮ ಅಭಿಮಾನಿ ಬಳಗದಲ್ಲಿ ಬಣ್ಣದ ಹೊಣೆಯನ್ನು ಯಾರನ್ನೂ ಕೇಳದೆ ನಾನೇ ಎತ್ತಿಕೊಂಡೆ.

ಆ ಸಿನಿಮಾದ್ದು ಉಳಿದಿರುವುದು ಒಂದೇ ಪ್ರಿಂಟು, ಅದೂ ಬಣ್ಣಗೆಟ್ಟದ್ದು. ಹಳೆಯ ಫಿಲ್ಮಿನಲ್ಲಿ ನೀಲಿ, ಹಸಿರು ಮೊದಲು ಕೈಕೊಡುತ್ತವೆ. ಕೊನೆಗೆ ಕೆಂಪು ಒಂದೇ ಉಳಿಯುತ್ತದೆ. ರಾಕೆಟ್ಟು ಕೆಂಪು, ಆಕಾಶ ಕೆಂಪು, ವಿಜ್ಞಾನಿಯ ಬಿಳಿ ಕೋಟೂ ಕೆಂಪು. ಅದನ್ನು ಎಲ್ಲಿಂದಲೋ ಪತ್ತೆಹಚ್ಚಿ ತಂದವರು ನಮ್ಮ ಬಳಗದ ಯಜಮಾನರಾದ ಹಲ್ಲಿನ ಡಾಕ್ಟರು. ಸ್ಕ್ಯಾನರ್ ಇರುವುದೂ ಅವರ ಕ್ಲಿನಿಕ್ಕಿನಲ್ಲೇ. ರೋಗಿಗಳಿಲ್ಲದ ಹೊತ್ತಿನಲ್ಲಿ ಒಂದೊಂದೇ ಫ್ರೇಮು ತೆರೆದು ಗೀರು, ಧೂಳು, ಕಲೆ ತೆಗೆಯುತ್ತಾ ಕೂರುತ್ತಾರೆ. ಊರಿನ ಹಲ್ಲೆಲ್ಲ ತಿಕ್ಕಿ ಪಳಗಿದ ಕೈ, ಬೇಸರವೆಂಬುದೇ ಇಲ್ಲ.

ನನಗೆ ಈ ಸಿನಿಮಾ ಬೇಕಾಗಿದ್ದುದು ಅತ್ತೆಗಾಗಿ. ಅದರ ರಾಣಿ ನನ್ನ ಸೋದರತ್ತೆ, ಅಪ್ಪನ ಅಕ್ಕ. “ಒಂದು ಸಿನಿಮಾಕ್ಕೆ ಬಣ್ಣ ಹಚ್ಚಿದ್ದೆ ಕಣೇ, ಒಂದೇ ಒಂದಕ್ಕೆ” ಎಂದು ನಾನು ಚಿಕ್ಕವಳಿದ್ದಾಗಿನಿಂದ ಹೇಳುತ್ತಿದ್ದರು. ನಂಬಿದವರು ಯಾರು? ಸಿನಿಮಾ ಬಂದ ಹಾಗೇ ಹೋಗಿತ್ತು, ನಮ್ಮವರು ಒಬ್ಬರೂ ನೋಡಿರಲಿಲ್ಲ. ಹೆಸರುಗಳ ಪಟ್ಟಿಯಲ್ಲಿ ಅತ್ತೆಯ ಹೆಸರಿಲ್ಲ. ದನಿಯೂ ಬೇರೆಯವರದು. ಆ ಕಾಲದ ದೊಡ್ಡ ನಾಯಕಿಯೊಬ್ಬಳು ಹೆಸರು ಹಾಕಿಸಿಕೊಳ್ಳದೆ ಮಾಡಿದ ಪಾತ್ರ ಅದು ಎಂದು ಅಭಿಮಾನಿಗಳೆಲ್ಲ ತೀರ್ಮಾನಿಸಿಬಿಟ್ಟಿದ್ದರು. ಅಪ್ಪನಂತೂ ಬಂದ ನೆಂಟರ ಮುಂದೆಲ್ಲ, “ನಮ್ಮಕ್ಕ ಸಿನಿಮಾದಲ್ಲಿ ಮಾಡಿದ್ಲೋ ಇಲ್ವೋ ಗೊತ್ತಿಲ್ಲ, ರೀಲು ಮಾತ್ರ ಚೆನ್ನಾಗಿ ಬಿಡ್ತಾಳೆ” ಎಂದು ನಗಿಸುತ್ತಿದ್ದರು. ಅತ್ತೆಯೂ ಎಲ್ಲರ ಜೊತೆ ನಗುತ್ತಿದ್ದರು. ಆ ನಗು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅತ್ತೆಯ ಮುಖವನ್ನು ಪರದೆಯಷ್ಟು ದೊಡ್ಡದಾಗಿ ತೋರಿಸಿ ಅಪ್ಪನ ಬಾಯಿ ಮುಚ್ಚಿಸಬೇಕು, ನನಗಿದ್ದ ಹಟ ಅದೊಂದೇ.

ಬಣ್ಣ ಸರಿಮಾಡುವವರು ಮೊದಲು ಹಿಡಿಯುವುದು ಮುಖವನ್ನು. ಮನುಷ್ಯರ ಚರ್ಮ ಹೇಗಿರುತ್ತದೆಂದು ಎಲ್ಲರಿಗೂ ಗೊತ್ತು. ಅದು ಸರಿಬಂದರೆ ಸುತ್ತಲಿನದೂ ಹಾದಿಗೆ ಬರುತ್ತದೆ. ರಾಣಿಯ ಅರಮನೆಯಲ್ಲಿ ಉಳಿದವರಿಗೆಲ್ಲ ಲೋಹದ ಮುಖವಾಡ, ಮುಖವೆಂದು ಇರುವುದು ಅವಳೊಬ್ಬಳಿಗೇ. ಅದನ್ನೇ ಹಿಡಿದೆ. ಕೆಂಪನ್ನು ಇಳಿಸಿ ಉಳಿದದ್ದನ್ನು ಏರಿಸುತ್ತಾ ಹೋದ ಹಾಗೆ ಮಂಜು ಸರಿದಂತೆ ಅತ್ತೆ ಕಂಡರು. ಅದೇ ಹಣೆ, ಅದೇ ಚೂಪು ಗಲ್ಲ. ಅಲ್ಲಿಯವರೆಗೆ “ಪುರಾವೆ ಬೇಕಲ್ಲಮ್ಮಾ” ಎನ್ನುತ್ತಿದ್ದ ಡಾಕ್ಟರು ಅತ್ತೆಯ ಹಳೇ ಫೋಟೋವನ್ನು ಪರದೆಯ ಪಕ್ಕ ಹಿಡಿದು ನೋಡಿ, “ಇವ್ರೇ” ಎಂದರು. ನಾನು ಗೆದ್ದೆ.

ಒಂದು ಸಣ್ಣ ಅಸಮಾಧಾನ ಇತ್ತು, ಹೇಳಿಬಿಡುತ್ತೇನೆ. ಅತ್ತೆಯ ಅಭಿನಯ ಏನೇನೂ ಸಾಲದು. ಕುತ್ತಿಗೆ ಉಳುಕಿದವರ ಹಾಗೆ ನಿಂತಿದ್ದಾರೆ, ತುಟಿ ಅಷ್ಟೇ ಆಡುತ್ತದೆ, ಕೆನ್ನೆ ಮಿಸುಕುವುದಿಲ್ಲ. ಸಿನಿಮಾಪೂರ್ತಿ ಒಂದು ಸಲವೂ ನಕ್ಕಿಲ್ಲ. ಸಿನಿಮಾ ಬಂದಾಗ ನೋಡಿದ್ದವರು ರಾಣಿಯನ್ನು ಕಂಡು ಬೆವರಿದೆವು ಎಂದು ಬರೆದದ್ದು ಯಾಕೋ ನನಗೆ ತಿಳಿಯಲಿಲ್ಲ. ಮುಖ ಸಿಕ್ಕಿತಲ್ಲ, ಅಷ್ಟು ಸಾಕು ಎಂದುಕೊಂಡೆ.

ಪ್ರದರ್ಶನಕ್ಕೆ ಮೊದಲು ಅತ್ತೆಗೆ ತೋರಿಸೋಣವೆಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಅಲ್ಲಿ ಮೆತ್ತಗಿನ ಆಸನ ಎಂದರೆ ಹಲ್ಲು ಕೀಳುವ ಕುರ್ಚಿಯೊಂದೇ. ಅತ್ತೆ ಅದರಲ್ಲೇ ಠೀವಿಯಿಂದ ಒರಗಿದರು. ಡಾಕ್ಟರು ದೀಪ ಆರಿಸಿದರು. ರಾಣಿ ಬಂದಳು, ನಿಂತಳು, ಮಾತಾಡಿದಳು. ನಾನು ನೋಡುತ್ತಿದ್ದುದು ಅತ್ತೆಯನ್ನು. ಅವರು ಹುಬ್ಬು ಗಂಟಿಕ್ಕಿಕೊಂಡರು.

“ಇದ್ಯಾರೇ?”

“ನೀವೇ ಅತ್ತೆ!”

“ನಾನು ಅಂತ ನನಗೆ ಗೊತ್ತಾಗಲ್ವಾ? ರಾಣಿ ಎಲ್ಲಿ? ನನ್ನ ಬಣ್ಣ ಎಲ್ಲಿ ಹೋಯ್ತು?”

“ಯಾವ ಬಣ್ಣ?”

“ಹಸಿರು ಕಣೇ! ಬಣ್ಣ ಹಚ್ಚಿದ್ದೆ, ಬಣ್ಣ ಹಚ್ಚಿದ್ದೆ ಅಂತ ಬಡ್ಕೊಂಡಿದ್ದೇ ಬಂತು. ಒಬ್ರಾದ್ರೂ ಯಾವ ಬಣ್ಣ ಅಂತ ಕೇಳಿದ್ರಾ?”

ನಮ್ಮ ಮಾತಿನಲ್ಲಿ ಬಣ್ಣ ಹಚ್ಚಿದೆ ಎಂದರೆ ಪಾತ್ರ ಮಾಡಿದೆ ಎಂದೇ ಅರ್ಥ, ಯಾರು ಕೇಳಿದರೂ ಹಾಗೇ ತಿಳಿಯುತ್ತಾರೆ. ಅತ್ತೆ ಇಷ್ಟು ವರ್ಷ ಹೇಳುತ್ತಿದ್ದುದು ಹಣೆಯಿಂದ ಕುತ್ತಿಗೆಯವರೆಗೆ ಬಳಿದ ಅಸಲಿ ಬಣ್ಣದ ಮಾತು. ಬೇರೆ ಲೋಕದ ರಾಣಿಯನ್ನು ಹಿಡಿದು ನಾನು ಪಕ್ಕದ ಮನೆಯ ಹೆಂಗಸಿನ ಮೈಬಣ್ಣಕ್ಕೆ ತಂದು ನಿಲ್ಲಿಸಿದ್ದೆ. ಅದೂ ಹೆಮ್ಮೆಯಿಂದ!

“ಅದು ಒಣಗಿದ್ರೆ ಬಿರುಕು ಬಿಡೋದು ಡಾಕ್ಟ್ರೇ,” ಎಂದರು ಅತ್ತೆ. “ನಗೋ ಹಾಗಿಲ್ಲ, ಕೆನ್ನೆ ಆಡಿಸೋ ಹಾಗಿಲ್ಲ. ಕೊಳವೆ ಹಾಕ್ಕೊಂಡು ನೀರು ಕುಡೀತಿದ್ದೆ. ಮುಖ ಕೈಬಿಟ್ಟ ಮೇಲೆ ಇನ್ನೇನು ಉಳೀತು? ಕಣ್ಣು. ಕೋಪ, ದುಃಖ, ಗತ್ತು ಎಲ್ಲಾ ಕಣ್ಣಲ್ಲೇ ಮಾಡಿದೆ.”

ಡಾಕ್ಟರು ಇದ್ದಕ್ಕಿದ್ದ ಹಾಗೆ ತಲೆ ಚಚ್ಚಿಕೊಂಡರು. ರಾಣಿಯ ಕಾಲರಿನ ಅಂಚಿನಲ್ಲಿ ಬೆರಳಗಲದ ಒಂದು ಪಟ್ಟಿ ಬೇರೆ ಥರ ಕಾಣುತ್ತಿತ್ತಂತೆ. ರಾಸಾಯನಿಕದ ಕಲೆ ಎಂದು ಬಗೆದು ಫ್ರೇಮು ಫ್ರೇಮಿನಿಂದಲೂ ಅದನ್ನು ಅಳಿಸಿದ್ದರು. ಮೊದಲಿನ ಸ್ಕ್ಯಾನ್ ತೆರೆದರು. ಬಣ್ಣ ಬಳಿದದ್ದು ಮುಗಿದು ಅತ್ತೆಯ ಸ್ವಂತ ಚರ್ಮ ಶುರುವಾಗುವ ಗೆರೆ ಅಲ್ಲಿತ್ತು. ನಮ್ಮ ಹಳೇ ಪ್ರಿಂಟು ಸತ್ಯವನ್ನೇ ಹೇಳಿತ್ತು. ನಾವಿಬ್ಬರೂ ಸೇರಿ ಅದರ ಬಾಯಿ ಮುಚ್ಚಿಸಿದ್ದೆವು.

“ಅದನ್ನ ಮೊದಲಿನ ಹಾಗೇ ಮಾಡಿ,” ಎಂದರು ಅತ್ತೆ.

ನನಗೆ ಅಳು ಬಂತು, ಸಿಟ್ಟೂ ಬಂತು. “ಹಸಿರು ಹಾಕಿದ್ರೆ ನಿಮ್ಮ ಗುರುತು ಯಾರಿಗೆ ಸಿಗುತ್ತೆ ಅತ್ತೆ? ಅಪ್ಪ ಮತ್ತೆ ರೀಲು ಅಂತಾರೆ.”

“ಅನ್ಲಿ ಬಿಡು. ಈ ಬೋಳು ಮುಖದ್ದನ್ನ ಅಳಿಸಿಹಾಕು. ನಿಮ್ಮಪ್ಪನಿಗೆ ಗುಟ್ಟಾಗಿ ತೋರಿಸೋ ಕೆಲಸ ಬೇಡ. ನೋಡೋದಾದ್ರೆ ನಾನು ಮಾಡಿದ್ದನ್ನ ನೋಡ್ಲಿ. ನಾನು ಹೇಗಿದ್ದೆ ಅನ್ನೋದನ್ನ ಕಟ್ಕೊಂಡು ಅವನಿಗೇನಾಗಬೇಕು?”

ನನ್ನ ಹಟ ಎಲ್ಲಿಂದ ಬಂದದ್ದು ಎಂದು ಆಗ ತಿಳಿಯಿತು.

ಮಾರನೇ ದಿನ ಅತ್ತೆ ನಮ್ಮ ಅಂಗಡಿಗೇ ಬಂದರು. ಕೌಂಟರಿನ ಮೇಲೆ ಹಸಿರಿನ ಮಾದರಿ ಚೀಟಿಗಳನ್ನೆಲ್ಲ ಹರಡಿದೆ. ಗಿಳಿಹಸಿರನ್ನು “ಛೀ, ಗೇಟಿಗೆ ಹೊಡಿ ಇದನ್ನ” ಎಂದು ತಳ್ಳಿದರು. ಪಾಚಿಹಸಿರಿಗೆ ಮೂಗು ಮುರಿದರು. ನಾನು ಬೆರೆಸುತ್ತಾ ಹೋದೆ, ಅವರು ತಲೆಯಾಡಿಸುತ್ತಾ ಹೋದರು. ಬೂದಿಬಣ್ಣ ಒಂದು ಹನಿ, ನೀಲಿ ಒಂದು ಹನಿ ಸೇರಿಸಿದಾಗ ಅತ್ತೆ ನನ್ನ ಮಣಿಕಟ್ಟು ಹಿಡಿದರು. ತಾಮ್ರದ ಪಾತ್ರೆಗೆ ಕಿಲುಬು ಹಿಡಿದಾಗ ಬರುವ ಹಸಿರು ಅದು. “ಇದೇ,” ಎಂದು ಕಿರುಬೆರಳಲ್ಲಿ ಒಂದಿಷ್ಟು ತೆಗೆದು ಮುಂಗೈಗೆ ಹಚ್ಚಿಕೊಂಡರು. ಹಿಂದೆ ನಿಂತಿದ್ದ ಗಿರಾಕಿ ತನಗೂ ಅದೇ ಕೊಡಿ ಎಂದ. ಅದು ಗೋಡೆಗಲ್ಲ ಎಂದು ಗದರಿದೆ.

ಕಾಲರಿನ ಗೆರೆಯನ್ನು ಆಧಾರವಾಗಿಟ್ಟುಕೊಂಡು ಹೊಸದಾಗಿ ಶುರುಮಾಡಿದೆವು. ಗೆರೆಯ ಕೆಳಗೆ ಚರ್ಮ ಸರಿಹೊಂದಿಸಿದ ಕೂಡಲೇ ಮೇಲೆ ಆ ಹಸಿರು ತಾನಾಗಿ ಎದ್ದುಬಂತು, ನಾನು ಒತ್ತಾಯ ಮಾಡಬೇಕಾಗಲೇ ಇಲ್ಲ. ಅರಮನೆಯ ಗೋಡೆಗಳು ನೇರಳೆಗೆ ತಿರುಗಿದವು. ಕುತ್ತಿಗೆ ಉಳುಕಿದ ಹೆಂಗಸು ಕಾಣೆಯಾಗಿದ್ದಳು. ಅಲುಗಾಡದ ಆ ಹಸಿರು ಮುಖದಲ್ಲಿ ಎರಡು ಕಣ್ಣು ಮಾತ್ರ ಜೀವಂತವಾಗಿ ತಿರುಗುತ್ತಿದ್ದವು, ತಿರುಗಿದ ಕಡೆಯೆಲ್ಲ ಅವಳದೇ ಆಳ್ವಿಕೆ. ಅತ್ತೆ ಹೀಗೆ ಮಾಡಿದ್ದರೇ ಎಂದು ನನ್ನ ಎದೆ ತುಂಬಿ ಬಂತು. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

ಬಾಡಿಗೆಗೆ ಹಿಡಿದ ಸಭಾಂಗಣ ಭರ್ತಿಯಾಗಿತ್ತು. ರಾಣಿ ಯಾರೆಂದು ಮೊದಲೇ ಹೇಳಕೂಡದು ಎಂದು ಅತ್ತೆ ಡಾಕ್ಟರಿಗೆ ತಾಕೀತು ಮಾಡಿದ್ದರು. ನಾನು, ಅತ್ತೆ, ಅಪ್ಪ ಒಂದೇ ಸಾಲಿನಲ್ಲಿ ಕೂತೆವು; ಅಪ್ಪ ದಾರಿಯ ಕಡೆಗೆ ಕಾಲು ಚಾಚಿಕೊಂಡು, ಮಗಳ ಕೆಲಸ ನೋಡಲು ಬಂದವರ ಗಾಂಭೀರ್ಯದಲ್ಲಿ.

ರಾಣಿ ತಿರುಗಿ ನೋಡಿದ ಕ್ಷಣದಲ್ಲಿ ಇಡೀ ಸಭಾಂಗಣದಲ್ಲಿ ಒಬ್ಬರೂ ಕೆಮ್ಮಲಿಲ್ಲ. ಅಪ್ಪ ಚಾಚಿದ ಕಾಲನ್ನು ಒಳಗೆ ಎಳೆದುಕೊಂಡರು. ಆಮೇಲೆ ಅತ್ತೆಯ ಕಡೆ ಬಾಗಿ ಪಿಸುಗುಟ್ಟಿದರು. “ಅಬ್ಬಾ, ಏನು ಕಣ್ಣು ಅಕ್ಕಾ! ಇದು ಆ ದೊಡ್ಡ ನಾಯಕೀನೇ, ಡೌಟೇ ಇಲ್ಲ. ಇನ್ಮೇಲಾದ್ರೂ ‘ನಾನು ಮಾಡಿದ್ದು’ ಅನ್ಬೇಡ, ಜನ ನಗ್ತಾರೆ.”

ನಾನು ಬಾಯಿ ತೆರೆದೆ. ಅತ್ತೆ ನನ್ನ ತೊಡೆ ಚಿವುಟಿದರು. “ಸುಮ್ನಿರೇ,” ಎಂದರು ನನ್ನ ಕಿವಿಯಲ್ಲಿ. “ಹುಟ್ಟಿದಾಗಿನಿಂದ ಇವನು ನನ್ನ ಹೊಗಳಿದ್ದು ಇದೇ ಮೊದಲು. ಪೂರ್ತಿ ಕೇಳೋಣ.”

ಸಿನಿಮಾ ಮುಗಿಯುವವರೆಗೂ ಅಪ್ಪ ಹೊಗಳಿದರು. ಆಮೇಲೆ ದೀಪ ಹತ್ತಿತು. ಡಾಕ್ಟರು ಮೈಕು ಹಿಡಿದು, ರಾಣಿ ಇಲ್ಲೇ ನಮ್ಮ ನಡುವೆ ಕೂತಿದ್ದಾರೆ, ದಯವಿಟ್ಟು ಮೇಲೆ ಬರಬೇಕು ಎಂದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾ ಅತ್ತ ಇತ್ತ ತಿರುಗಿದರು. ಅಪ್ಪನೂ ಕತ್ತು ಉದ್ದ ಮಾಡಿ, ಆ ದೊಡ್ಡ ನಾಯಕಿ ಯಾವ ಸಾಲಿನಿಂದ ಏಳುತ್ತಾಳೋ ಎಂದು ಹುಡುಕತೊಡಗಿದರು.

ಅತ್ತೆ ಎದ್ದು ತಮ್ಮನ ಹೆಗಲು ತಟ್ಟಿದರು.

“ಸ್ವಲ್ಪ ಕಾಲು ತೆಗಿಯೋ. ಕರೀತಿರೋದು ನನ್ನನ್ನ.”