ನಿನ್ನೆಯ ಡಬ್ಬಿ

ಶ್ರೇಯಾ ಎದುರಿಗೆ ನಿಂತರೆ ಲ್ಯಾಬಿನ ಹಟಮಾರಿ ಪ್ರಿಂಟರ್ ಕೂಡ ಬಾಲ ಮುದುರಿಕೊಂಡು ಕೆಲಸ ಮಾಡುತ್ತದೆ ಎಂದು ಅಪರ್ಣಾಗೆ ಎಷ್ಟೋ ಸಲ ಅನ್ನಿಸಿತ್ತು. ಡಮ್ ಡಮ್ ಸ್ಟೇಷನ್ ಹತ್ತಿರ ಇಡ್ಲಿ-ದೋಸೆಯ ಹೋಟೆಲು ನಡೆಸುವ ಉಡುಪಿಯವರ ಮಗಳು ಶ್ರೇಯಾ. ಹುಟ್ಟಿದ್ದು, ಬೆಳೆದದ್ದು ಎಲ್ಲ ಇಲ್ಲೇ, ಬಂಗಾಳದಲ್ಲೇ. ಗೇಟಿನ ಕಾವಲುಗಾರನ ಜೊತೆ ಬಂಗಾಳಿಯಲ್ಲಿ ಜಗಳವಾಡಿ, ಅದೇ ಉಸಿರಿನಲ್ಲಿ ಅವನ ಮೊಮ್ಮಗಳ ಜ್ವರ ವಿಚಾರಿಸಬಲ್ಲವಳು. ಧಾರವಾಡದಿಂದ ಬಂದ ಅಪರ್ಣಾ ಆದರೋ, ಆಟೋದವನಿಗೆ 'ಇಲ್ಲೇ ನಿಲ್ಲಿಸಿ' ಎನ್ನಲು ಧೈರ್ಯ ಕೂಡಿಸಿಕೊಳ್ಳುವಷ್ಟರಲ್ಲಿ ಇಳಿಯುವ ಜಾಗ ದಾಟಿಹೋಗಿರುತ್ತಿತ್ತು.

ಆದರೂ ಒಂದು ವಸ್ತು ಅಪರ್ಣಾಳದ್ದಾಗಿತ್ತು. ಹೂಗ್ಲಿ ನದಿಯ ತಳದಲ್ಲಿ ಹೂಳು ಎಲ್ಲೆಲ್ಲಿ ಕೂರುತ್ತದೆ ಎಂದು ಲೆಕ್ಕ ಹಾಕಿ ನಕ್ಷೆ ಬರೆಯುವ ಪ್ರೋಗ್ರಾಂ. ಅದನ್ನೂ ಅದಕ್ಕೆ ಬೇಕಾದ ಸಮಸ್ತ ಸಾಮಾನನ್ನೂ ಅವಳು ಒಂದೇ ದೊಡ್ಡ ಫೈಲಿನಲ್ಲಿ ತುಂಬಿಟ್ಟಿದ್ದಳು. ಕಂಟೇನರ್ ಇಮೇಜ್ ಎನ್ನುತ್ತಾರೆ ಅದಕ್ಕೆ. ಲ್ಯಾಬಿನ ಮೂವರು ಕನ್ನಡದವರ ಬಾಯಲ್ಲಿ ಮಾತ್ರ ಅದು 'ಡಬ್ಬಿ'. ಯಾವ ಕಂಪ್ಯೂಟರಿನಲ್ಲಿ ಬಿಚ್ಚಿದರೂ ಅದೇ ಅಡುಗೆ, ಅದೇ ರುಚಿ.

ಕಳೆದ ವಾರ ಶ್ರೇಯಾ ಆ ಡಬ್ಬಿಗೆ ಬಣ್ಣ ಸೇರಿಸಿದಳು. ಅಲ್ಲಿಯವರೆಗೆ ಬೂದುಬಣ್ಣದಲ್ಲಿ ಮಲಗಿದ್ದ ನದಿ ಎದ್ದು ಕೂತಿತು. ಹೂಳು ಹೊಸದಾಗಿ ಏರುತ್ತಿರುವ ಕಡೆ ಕೆಂಪು, ಕರಗುತ್ತಿರುವ ಕಡೆ ನೀಲಿ. ಮರುದಿನದಿಂದಲೇ ಅದು 'ಶ್ರೇಯಾಳ ನಕ್ಷೆ'. ಎರಡು ವರ್ಷ ಕಟ್ಟಿದ ಮನೆಗೆ ಸುಣ್ಣ ಬಳಿದವಳ ಹೆಸರು! ಅಪರ್ಣಾಳ ಒಳಗೆ ಹಸಿ ಕಟ್ಟಿಗೆಯ ಹಾಗೆ ಹೊಗೆಯಾಡುತ್ತಿತ್ತು.

ಹೊಗೆಗೆ ಗಾಳಿ ಊದಿದವರು ಲ್ಯಾಬಿನ ಮುಖ್ಯಸ್ಥೆ, ಮೈಸೂರಿನ ಇಂದುಮತಿ ಮೇಡಂ. "ಮುಂದಿನ ವರ್ಷಕ್ಕೆ ಒಂದೇ ಹುದ್ದೆ ಕಣ್ರಮ್ಮ. ಶುಕ್ರವಾರ ನದಿ ಇಲಾಖೆಯವರು ನೋಡೋಕೆ ಬರ್ತಾರೆ. ಆಮೇಲೆ ನಿಮ್ಮಿಬ್ಬರಲ್ಲಿ ಯಾರು ಅಂತ ಹೇಳ್ತೀನಿ. ನನ್ನ ಬೈಕೋಬೇಡಿ."

ಶುಕ್ರವಾರ ಬೆಳಿಗ್ಗೆ ಅಪರ್ಣಾ ಒಳಗೆ ಬಂದಾಗ ಶ್ರೇಯಾ ತಲೆಯ ಮೇಲೆ ಕೈ ಹೊತ್ತು ಕೂತಿದ್ದಳು.

"ಅಕ್ಕಾ, ಡಬ್ಬಿ ಹಾಳಾಯ್ತು. ಎಂಥ ಮಾಡುದು ಈಗ? ನನ್ನ ನಿನ್ನೆಯ ಲೆಕ್ಕ ಬೇರೆ ಕಂಪ್ಯೂಟರಲ್ಲಿ ಇನ್ನೂ ಓಡ್ತಾ ಉಂಟು ಅಂತ ಗೊತ್ತಿರ್ಲಿಲ್ಲ. ಇಲ್ಲಿಂದ ಇನ್ನೊಂದು ಸಲ ತೆರೆದೆ. ಎರಡೂ ಕಡೆಯಿಂದ ಬರೀತಾ ಕೂತ್ರೆ... ಧುತ್!"

ಒಂದೇ ಡಬ್ಬಿಯನ್ನು ಬರೆಯಲು ಬರುವ ಹಾಗೆ ತೆರೆದಿಟ್ಟು ಎಲ್ಲರೂ ಕೈ ಹಾಕುವುದು ಆ ಲ್ಯಾಬಿನ ಹಳೆಯ ಚಾಳಿ. ಬೇಡವೆಂದು ಅಪರ್ಣಾ ಒಮ್ಮೆ ಹೇಳಿದ್ದಳು. ಅವಳ ದನಿ ಫ್ಯಾನಿನ ಸದ್ದಿನಲ್ಲಿ ಕರಗಿಹೋಗಿತ್ತು.

ಮೇಡಂ ಧಾವಿಸಿ ಬಂದರು. "ಅಪರ್ಣಾ, ಏನಾದ್ರೂ ದಾರಿ ಇದ್ಯಾ?"

ಇತ್ತು. ಲ್ಯಾಬಿನ ಸ್ಟೋರೇಜ್ ಪ್ರತಿ ರಾತ್ರಿ ತನ್ನ ಇಡೀ ಹೊಟ್ಟೆಯ ಚಿತ್ರವೊಂದನ್ನು ತೆಗೆದಿಡುತ್ತದೆ. ಸ್ನ್ಯಾಪ್‌ಶಾಟ್. ಅದರೊಳಗಿನದ್ದನ್ನು ನೋಡಬಹುದು, ಓದಬಹುದು, ಒಂದು ಚುಕ್ಕೆಯನ್ನೂ ತಿದ್ದುವ ಹಾಗಿಲ್ಲ. ಜಾಗ ಸಾಲದೆಂದು ನಿನ್ನೆ ರಾತ್ರಿಯದ್ದನ್ನೂ ತಿಂಗಳ ಹಿಂದಿನದ್ದನ್ನೂ ಮಾತ್ರ ಉಳಿಸಿಕೊಳ್ಳುತ್ತದೆ, ಆ ಎರಡು ಡಬ್ಬಿಗಳು ಅಲ್ಲಿ ಸುರಕ್ಷಿತ. ಹೊರಗೆ ನಕಲು ತೆಗೆಯುತ್ತ ಕೂತರೆ ಮಧ್ಯಾಹ್ನವಾಗುತ್ತದೆ, ಅತಿಥಿಗಳು ಇನ್ನೇನು ಬರುವವರು. ಅಲ್ಲಿಂದಲೇ ನೇರವಾಗಿ ಮೌಂಟ್ ಮಾಡಬೇಕು, ಅಂದರೆ ಡಬ್ಬಿಯನ್ನು ಇದ್ದಲ್ಲಿಯೇ ಬಿಚ್ಚಬೇಕು.

"ಅದಾವ್ರೀ ಮೇಡಂ, ಹಳೇವು. ನೋಡ್ತೀನಿ," ಎಂದಳು ಅಪರ್ಣಾ.

ಹಳೆಯ ಡಬ್ಬಿ, ಬಣ್ಣ ಸೇರುವುದಕ್ಕೆ ಮುಂಚಿನದ್ದು, ಒಂದೇ ಮಾತಿಗೆ ತೆರೆಯಿತು. ನಿನ್ನೆಯದ್ದು ಹಟ ಹಿಡಿಯಿತು. ಚಿತ್ರ ತೆಗೆದ ಹೊತ್ತಿಗೆ ಶ್ರೇಯಾಳ ಲೆಕ್ಕ ಓಡುತ್ತಿತ್ತಲ್ಲ, ಡಬ್ಬಿಯೊಳಗೆ ಬರವಣಿಗೆ ಅರ್ಧಕ್ಕೆ ನಿಂತಿತ್ತು. ಅದನ್ನು ಮುಗಿಸಿಕೊಂಡೇ ಬಾಗಿಲು ತೆಗೆಯುತ್ತೇನೆ ಎನ್ನುವುದು ಅದರ ವಾದ. ಇಲ್ಲಿ ಬರೆಯಲು ಬಿಡುವುದಿಲ್ಲ ಎನ್ನುವುದು ಸ್ನ್ಯಾಪ್‌ಶಾಟಿನ ವಾದ. ಪರದೆಯ ಮೇಲೆ ಎರರ್ ಬಂತು.

ಶ್ರೇಯಾ ಹೆಗಲ ಮೇಲಿಂದ ಬಗ್ಗಿದಳು. "ಆಗುದಿಲ್ವಾ ಅಕ್ಕಾ?"

ಆಗುತ್ತಿತ್ತು. ಮೌಂಟ್ ಮಾಡುವಾಗ ಒಂದು ಪದ ಹೆಚ್ಚಿಗೆ ಸೇರಿಸಿ, ಅರ್ಧಕ್ಕೆ ನಿಂತದ್ದು ಹಾಗೇ ಇರಲಿ, ಇದ್ದಷ್ಟನ್ನು ತೋರಿಸು ಎಂದರೆ ಡಬ್ಬಿ ತೆರೆಯುತ್ತಿತ್ತು. ಬಣ್ಣ ಸೇರಿ ವಾರವಾಗಿತ್ತು, ಅದಕ್ಕೇನೂ ಆಗುತ್ತಿರಲಿಲ್ಲ. ಈ ಕೋಣೆಯಲ್ಲಿ ಆ ಪದ ಗೊತ್ತಿದ್ದದ್ದು ಅಪರ್ಣಾ ಒಬ್ಬಳಿಗೇ.

"ಇಲ್ಲ. ನಿನ್ನೇದು ತೆರ್ಯಂಗಿಲ್ಲ," ಎಂದಳು. ಇಷ್ಟು ಸ್ಪಷ್ಟವಾಗಿ ಅವಳು ಆ ಲ್ಯಾಬಿನಲ್ಲಿ ಎಂದೂ ಮಾತಾಡಿರಲಿಲ್ಲ.

"ಹೋಗ್ಲಿ ಬಿಡು, ಬೂದುಬಣ್ಣದ್ದೇ ತೋರಿಸೋಣ," ಎಂದರು ಮೇಡಂ. ಶ್ರೇಯಾಳ ಮುಖ ಬಾಡಿತು. ಆ ಬಾಡಿದ ಮುಖವನ್ನು ಅಪರ್ಣಾ ಓರೆಗಣ್ಣಿನಲ್ಲಿ, ಹಬ್ಬದ ದಿನದ ಮೊದಲ ತುತ್ತಿನ ಹಾಗೆ, ನಿಧಾನವಾಗಿ ಸವಿದಳು.

ನದಿ ಇಲಾಖೆಯ ಕಚೇರಿ ಇರುವ ಬಿಬಿಡಿ ಬಾಗ್‌ನಿಂದ ಅತಿಥಿಗಳು ಬಂದರು. ಗೋಡೆಯ ಪರದೆಯ ಮೇಲೆ ಬೂದು ನದಿ. ಅಪರ್ಣಾ ಎದ್ದು ನಿಂತು, ಕಲಿತಿಟ್ಟ ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯ ಹೇಳಿದಳು. ಹಿರಿಯ ಎಂಜಿನಿಯರ್ ಕನ್ನಡಕ ಸರಿಪಡಿಸಿಕೊಂಡು ಬಂಗಾಳಿಯಲ್ಲಿ ಏನೋ ಕೇಳಿದರು. ಹೊಸ ದಿಬ್ಬ ಯಾವುದು, ಹಳೆಯದು ಯಾವುದು ಎಂಬುದು ಪ್ರಶ್ನೆ. ಬೂದುಬಣ್ಣದಲ್ಲಿ ಅದು ಯಾರಿಗೆ ಕಂಡೀತು? ಅಪರ್ಣಾ ಕೀಬೋರ್ಡಿನ ಮುಂದೆ ಕೂತುಬಿಟ್ಟಳು.

ಶ್ರೇಯಾ ಎದ್ದಳು. ಪರದೆಯ ಹತ್ತಿರ ಹೋಗಿ ಬೆರಳಿನಿಂದಲೇ ತೋರಿಸತೊಡಗಿದಳು. ಇಲ್ಲಿ ಏರುತ್ತಿದೆ, ಇಲ್ಲಿ ಕರಗುತ್ತಿದೆ, ಇಲ್ಲಿ ದೋಣಿಗಳು ತಗಲುತ್ತವೆ. ಬಣ್ಣ ಹಚ್ಚುವಾಗ ನದಿ ಪೂರ್ತಿ ಅವಳ ತಲೆಯೊಳಗೆ ಇಳಿದುಬಿಟ್ಟಿತ್ತು. ಒಂದು ತಮಾಷೆಯನ್ನೂ ಮಾಡಿದಳು. ಅತಿಥಿಗಳು ಹೊಟ್ಟೆ ಹಿಡಿದು ನಕ್ಕರು. ಹಿರಿಯ ಎಂಜಿನಿಯರ್ ಕುರ್ಚಿಯನ್ನು ಎಳೆದುಕೊಂಡು ಅವಳ ಹತ್ತಿರಕ್ಕೇ ಬಂದರು. ಮೇಡಂ ತಲೆದೂಗುತ್ತಿದ್ದರು.

ಇದು ಯಾವ ನ್ಯಾಯ? ಬಣ್ಣವನ್ನು ಕಿತ್ತುಕೊಂಡರೆ ಹುಡುಗಿಯೇ ಬಣ್ಣವಾಗಿ ನಿಂತಳಲ್ಲ! ಆ ಬೆರಳಿನ ಮೇಲಿಂದ ಎಲ್ಲರ ಕಣ್ಣು ಕೀಳಬೇಕು, ಈಗಲೇ. ಅಪರ್ಣಾಳ ಕೈ ಕೀಬೋರ್ಡಿನ ಮೇಲೆ ಓಡಿತು. ಹೆಚ್ಚಿನ ಆ ಪದ ಸೇರಿತು. ನಿನ್ನೆಯ ಡಬ್ಬಿ ಸದ್ದಿಲ್ಲದೆ ತೆರೆಯಿತು.

ನದಿಗೆ ಬಣ್ಣ ಬಂತು. ಶ್ರೇಯಾ ಬೆರಳಿಟ್ಟ ಜಾಗದಲ್ಲೆಲ್ಲ ಕೆಂಪು, ಅವಳು ಹೇಳಿದ ಕಡೆಯಲ್ಲೆಲ್ಲ ನೀಲಿ. ಎಲ್ಲರೂ 'ಬಾಹ್!' ಎಂದು ಪರದೆಯತ್ತ ತಿರುಗಿದ್ದೇನೋ ನಿಜ. ಮರುಗಳಿಗೆ ಇಮ್ಮಡಿ ಮೆಚ್ಚುಗೆಯಿಂದ ಶ್ರೇಯಾಳತ್ತಲೇ ತಿರುಗಿದರು. ಅವಳು ಮಾತ್ರ ಹಿಂತಿರುಗಿ ಅಪರ್ಣಾಳನ್ನು ನೋಡಿದಳು.

ಅತಿಥಿಗಳು ಹೋದ ಮೇಲೆ ಮೇಡಂ ಕೇಳಿದರು, "ತೆರೆಯೋಲ್ಲ ಅಂದ್ಯಲ್ಲಮ್ಮ?"

"ತೆರೀತಿತ್ತು ಮೇಡಂ. ಮುಂಜಾನೇನೇ ತೆರೀತಿತ್ತು."

"ಹುದ್ದೆ ಶ್ರೇಯಾಗೆ. ಡಬ್ಬಿ ಕಟ್ಟಿದೋಳು ನೀನು, ಅದನ್ನ ಎಲ್ಲರಿಗೂ ಹೇಳ್ತೀನಿ. ಬೇರೆ ಕಡೆಗೆ ಪತ್ರಾನೂ ಬರೆದುಕೊಡ್ತೀನಿ. ಆದ್ರೆ ಬಾಗಿಲ ಬೀಗದಕೈ ಒಬ್ಬಳ ಹತ್ರಾನೇ ಇದ್ರೆ ಈ ಲ್ಯಾಬ್ ನಡೆಯೋಲ್ಲ," ಎಂದು ಮೇಡಂ ಎದ್ದುಹೋದರು.

ಶ್ರೇಯಾ ಗೇಟಿನಾಚೆಯಿಂದ ಮಣ್ಣಿನ ಪುಟ್ಟ ಲೋಟಗಳಲ್ಲಿ ಎರಡು ಚಹಾ ತಂದಳು. ಒಂದನ್ನು ಅಪರ್ಣಾಳ ಮುಂದೆ, ಸ್ವಲ್ಪ ಜೋರಾಗಿಯೇ, ಇಟ್ಟಳು.

"ನನಗೆ ಸಿಟ್ಟು ಬಂದಿದೆ, ಗೊತ್ತುಂಟಲ್ಲ?"

"ಗೊತ್ತದ."

"ಒಂದು ಮಾತು ಕೇಳ್ಬಹುದಿತ್ತಲ್ಲ ನೀವು. ನಕ್ಷೆಗೆ ಇಬ್ಬರ ಹೆಸರೂ ಹಾಕ್ತಿದ್ದೆ." ಒಂದು ಗುಟುಕು ಕುಡಿದು, ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತಳು. "ಈಗ ಆ ಪದ ಹೇಳಿ. ನಾಳೆ ನೀವಿರುದಿಲ್ಲ, ನಾನು ಒಬ್ಬಳೇ ಎಂಥ ಮಾಡ್ಲಿ?"

ಅಪರ್ಣಾಳ ಬಳಿ ಇನ್ನು ಉಳಿದಿದ್ದದ್ದು ಅದೊಂದೇ. ಬಿಸಿ ಚಹಾದ ಮೇಲೆ ಊದಿದಳು. ಇನ್ನೊಮ್ಮೆ ಊದಿದಳು. ಆಮೇಲೆ ಹೇಳಿದಳು: ಮೊದಲು ಓದಲಷ್ಟೇ ಅನ್ನಬೇಕು, ಅದರ ಬೆನ್ನಿಗೆ ಅಲ್ಪವಿರಾಮ, ಆಮೇಲೆ 'ನೋಲೋಡ್'.

ಶ್ರೇಯಾ ಬರೆದುಕೊಳ್ಳಲಿಲ್ಲ. ಕೀಬೋರ್ಡ್ ತನ್ನತ್ತ ಎಳೆದುಕೊಂಡು ಟೈಪ್ ಮಾಡಿದಳು, ಡಬ್ಬಿ ತೆರೆಯಿತು. ಒಂದೇ ಸಲ ಕೇಳಿ ನೆನಪಿಟ್ಟುಕೊಂಡಿದ್ದಳು. ಅದೇ ಪದವನ್ನು ಕಂಡುಹಿಡಿಯಲು ತನಗೆ ಹಿಡಿದ ದಿನಗಳು ನೆನಪಾಗಿ, ಅದಕ್ಕೂ ಅಪರ್ಣಾಗೆ ಹೊಟ್ಟೆ ಉರಿಯಿತು.